ಮುಂದೆ ನಿಲ್ಲೋ ಐದು ಜನ

ಇಲ್ಲ ರಾಸ್ಕೋ, ನೀನು ಏನೇ ಅನ್ನು, ಫುಟ್‌ಬಾಲ್ ಟೀಮಿಗೆ ಮೊದಲು ಲೈನ್‌ಮನ್. ಬಂಡೆಯಂಥ ಐದು ಜನ ಮುಂದೆ ನಿಂತು ದಾರಿ ಬಿಡಿಸ್ಲಿ, ಆಮೇಲೆ ಚೆಂಡು ಹಿಡ್ಕೊಂಡು ಓಡೋವ್ನನ್ನ ಹುಡುಕಿದ್ರಾಯ್ತು. ಏನು ತಲೆ ಅಲ್ಲಾಡಿಸ್ತೀಯ? ಟಿವಿ ನೋಡು, ನಮ್ಮ ಟೀಮಿನ ಸರದಿಗೆ ಇನ್ನು ಎಂಟು ನಿಮಿಷ. ಹೊಸ ಹುಡುಗರನ್ನ ಆರಿಸೋ ಈ ಒಂದು ದಿನ ಬಿಟ್ರೆ, ಕಾರ್ಖಾನೆ ಮುಚ್ಚಿದ ಈ ಊರಲ್ಲಿ ಆಸೆ ಪಡೋಕೆ ಇನ್ನೇನಿದೆ...

ಮೂರು ವರ್ಷದ ಹಿಂದೆ ಏನ್ಮಾಡಿದ್ರು? ಚೆಂಡು ಹಿಡ್ಕೊಂಡು ಓಡೋಕೆ ರನ್ನಿಂಗ್ ಬ್ಯಾಕ್ ಬೇಕು ಅಂತ ಒಬ್ಬನ್ನ ತಂದ್ರು. ಚೆನ್ನಾಗೇ ಓಡ್ತಿದ್ದ, ಪಾಪ. ಮುಂದೆ ನಿಂತು ಎದುರಾಳಿಗಳನ್ನ ತಡೆಯೋರು ಒಬ್ರೂ ಇಲ್ಲ. ಅಕ್ಟೋಬರ್ ಮುಗಿಯೋದ್ರೊಳಗೆ ಮಂಡಿ ಹೋಯ್ತು. ...ಮಂಡಿ ಮಾತು ಬೇಡ, ತಪ್ಪಾಯ್ತು. ನೀನು ಕಾಲು ಚಾಚ್ಕೋ, ಸ್ಟೂಲ್ ಈ ಕಡೆ ತಳ್ತೀನಿ.

ಯಾಕೆ ನಗ್ತೀಯ? ನಾನು ಲೈನ್‌ಮನ್ ಆಗಿದ್ದೆ ಅಂತ ಹೀಗೆ ಹೇಳ್ತೀನಿ ಅಂದ್ಕೊಂಡ್ಯಾ? ಆಗಿದ್ದೆ ಕಣೋ. ಹೈಸ್ಕೂಲಲ್ಲಿ ಮೂರು ವರ್ಷ ನಿನ್ನ ಮುಂದೆ ನಿಂತಿದ್ದೋನು ನಾನೇ ತಾನೇ. ಕೊನೇ ವರ್ಷ ನವೆಂಬರ್ ಬಂದ್ರೂ ಒಂದು ಹನಿ ಮಳೆ ಇಲ್ಲ, ನೆಲ ಕಾಂಕ್ರೀಟಿನಂಗೆ. ಬಿದ್ರೆ ಮೊಣಕೈ ಚರ್ಮ ಕಿತ್ತು ಬರ್ತಿತ್ತು. ಪೇಪರ್ನೋರು ನನ್ನ ಹೆಸರು ಒಂದು ಸಲ ಬರೆದ್ರಾ? ಕೊನೇ ಮ್ಯಾಚಿನ ಶುಕ್ರವಾರ ಬೆಳಿಗ್ಗೆ ದಪ್ಪ ಅಕ್ಷರದಲ್ಲಿ ಹಾಕಿದ್ರಲ್ಲ, 'ರಾಸ್ಕೋ ಒಬ್ಬನೇ ಸಾಕು'. ಒಬ್ಬನೇ ಅಂತೆ. ನಮ್ಮಪ್ಪ ಅದನ್ನ ಓದಿ ಮಡಚಿಟ್ಟು, ನನ್ನ ಮುಖ ನೋಡಿ ಕೆಲಸಕ್ಕೆ ಹೋದ್ರು.

ತಡಿ, ತಡಿ, ಹೇಳ್ತಿದ್ದಾರೆ... ನೋಡ್ದ್ಯಾ? ಮತ್ತೆ ಓಡೋವ್ನನ್ನೇ ತಗೊಂಡ್ರು. ಮುಗೀತು ಬಿಡು. ಅವನ ಅಮ್ಮ ಖುಷಿಗೆ ಅಳ್ತಿದ್ದಾಳೆ ನೋಡು. ನಿಮ್ಮಮ್ಮನೂ ಆ ಶುಕ್ರವಾರ ರಾತ್ರಿ ಹಿಂಗೇ, ಕಾಲೇಜ್ ಟೀಮಿನೋರು ನಿನ್ನ ನೋಡೋಕೆ ಬಂದಿದ್ದಾರೆ ಅಂತ ಚರ್ಚಿನ ಟೋಪಿ ಹಾಕ್ಕೊಂಡು ಮೊದಲ ಸಾಲಲ್ಲಿ ಕೂತಿದ್ರು. ಆ ವರ್ಷ ನೀನು ಓಡಿದ್ದು ಸಾವಿರ ಗಜ ಆಗೋಕೆ ಹನ್ನೆರಡೇ ಗಜ ಬಾಕಿ. ಆ ಹಾಳು ಕೆಸರಲ್ಲಿ ನನ್ನ ಕಾಲು ಜಾರದೇ ಇದ್ದಿದ್ರೆ...

ಯಾಕೋ ಟಿವಿ ಆರಿಸ್ದೆ? ಹಂಗ್ಯಾಕೆ ನೋಡ್ತೀಯ?

ಕೆಸರು ಅಂದೆನಾ? ...ಹೌದು. ಈಗಷ್ಟೇ ನಾನೇ ಅಂದೆ, ಮಳೆ ಇರಲಿಲ್ಲ ಅಂತ. ಐವತ್ತೊಂದು ವರ್ಷದಿಂದ ಎಲ್ಲರಿಗೂ ಕೆಸರು ಅಂತಲೇ ಹೇಳ್ಕೊಂಡು ಬಂದೆ. ಯಾರೂ ನೆಲ ಹೆಂಗಿತ್ತು ಅಂತ ಕೇಳಲಿಲ್ಲ.

ಜಾರಲಿಲ್ಲ ರಾಸ್ಕೋ. ಪಕ್ಕಕ್ಕೆ ಸರಿದೆ. ಒಂದೇ ಒಂದು ಸಲ. ಒಬ್ಬನೇ ಸಾಕಲ್ಲ, ಒಬ್ಬನೇ ಓಡ್ಲಿ, ಬಿದ್ದು ಏಳ್ಲಿ ಅಂತ. ಅಷ್ಟೇ ಅಂದ್ಕೊಂಡಿದ್ದೆ. ಎದುರು ಟೀಮಿನ ಆ ದಡೂತಿ ನೆಟ್ಟಗೆ ನಿನ್ನ ಮಂಡಿಗೇ ಬಂದು ಬೀಳ್ತಾನೆ ಅಂತ... ಆ ಶಬ್ದ ನಂಗೂ ಕೇಳಿಸ್ತು ಕಣೋ.

ಬೈ. ಎದ್ದು ಹೋಗು ಅನ್ನು.

ಏನಂದೆ? ...ನಿಂಗೆ ಗೊತ್ತಿತ್ತಾ? ಎಂದಿನಿಂದ?

ಸಾವಿರ ಗಜ ಓಡಿದೋನು ಮುಂದೆ ನಿಂತ ಐದು ಜನಕ್ಕೆ ಮನೇಲಿ ಊಟ ಹಾಕ್ಬೇಕು ಅನ್ನೋದು ನಮ್ಮ ಹೈಸ್ಕೂಲ್ ಟೀಮಿನ ಪದ್ಧತಿ. ಹನ್ನೆರಡು ಗಜ ಕಮ್ಮಿ ಇದ್ರೂ ನೀನು ನಮ್ಮನ್ನೆಲ್ಲ ಕರ್ದೆ. ಕಂಕುಳಲ್ಲಿ ಊರುಗೋಲು ಇಟ್ಕೊಂಡು ಬಾಗಿಲು ತೆಗ್ದೆ. ಆವತ್ತೂ ಗೊತ್ತಿತ್ತಾ?

ನಿಮ್ಮಮ್ಮ ಎಲ್ಲರಿಗಿಂತ ಮೊದಲು ನನ್ನ ತಟ್ಟೆಗೆ ಕೋಳಿ ಬಡಿಸಿ, 'ತಿನ್ನು ಕ್ಯಾಸ್ಮಿರ್, ನೀನೇ ನನ್ನ ಮಗನ್ನ ಕಾದೋನು' ಅಂದ್ರಲ್ಲ. ಅವರಿಗೆ... ಅವರಿಗೂ ಹೇಳಿದ್ಯಾ ರಾಸ್ಕೋ?