ಹೇಳಿಕೊಡಬೇಡಿ, ಬರುತ್ತೆ

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಇಲಾಖೆಯ ನಿರ್ದೇಶಕರಿಗೆ, ನಮ್ಮ ಪ್ರಾಂಶುಪಾಲರಿಗೆ — ಮುಂದಿನ ಸಾಲಿನಲ್ಲಿ ಕೂತಿರುವ ಭಾವನವರಿಗೆ, ಅಕ್ಕನ ಮಗಳಿಗೆ, ಅಕ್ಕನ ತಮ್ಮನವರಿಗೆ — ಹಿಂದೆ ಗೋಡೆಗೆ ಒರಗಿ ನಿಂತಿರುವ ಟೀಚರ್‌ಗಳಿಗೆ. ಕುರ್ಚಿ ಸಾಲದೆ ಹೋಯ್ತು, ಬೇಜಾರು ಮಾಡ್ಕೋಬೇಡಿ. ಇಷ್ಟು ಜನ ಬರ್ತೀರಿ ಅಂತ ನಾವು ಅಂದುಕೊಂಡಿರಲಿಲ್ಲ. ಅಕ್ಕ ಬದುಕಿದ್ದಾಗ ಇದರಲ್ಲಿ ಅರ್ಧ ಜನ ಅವರ ಮಾತು ಕೇಳೋಕೆ ಬಂದಿದ್ದಿದ್ರೆ — ಇರಲಿ ಬಿಡಿ.

ಇಲ್ಲಿ ಎಲ್ಲರೂ ಅವರನ್ನ ಮೇಡಂ ಅಂದ್ರು. ಹೊರಗಡೆ ನಾನೂ ಮೇಡಂ ಅಂತಲೇ ಕರೀತಿದ್ದೆ. ಆದರೆ ಈ ತರಬೇತಿ ಕಾಲೇಜಿನ ಮಹಡಿ ಮೇಲೆ, ಮೂಲೆಯ ರೂಮಿನಲ್ಲಿ, ನಾವಿಬ್ಬರೇ ಇದ್ದಾಗ ಅವರು ನನಗೆ ಅಕ್ಕ. ಒಂದೇ ಫ್ಯಾನು, ಒಂದೇ ಬೀರು, ಬೀಗ ಹಾಕಿದರೂ ಹಾಕದಿದ್ದರೂ ಒಂದೇ ಥರ ಇರೋ ಬಾಗಿಲು. ನಾನು ಕೆಲಸಕ್ಕೆ ಸೇರಿದ ದಿನ ಎದುರುಬದುರು ಇದ್ದ ಮೇಜುಗಳನ್ನ ಎಳೆದಾಡಿಸಿ ಪಕ್ಕಪಕ್ಕ ಹಾಕಿಸಿದ್ರು. "ಎದುರು ಕೂತರೆ ಸಂದರ್ಶನದ ಥರ ಇರುತ್ತೆ ಕಣೇ. ನನಗೆ ಅದು ಆಗಲ್ಲ," ಅಂದ್ರು. ಅದಕ್ಕೇ ಮಕ್ಕಳು ಅವರಿಗೆ ಪಕ್ಕದ ಮಿಸ್ ಅಂತ ಹೆಸರಿಟ್ಟಿದ್ದು. ಯಾವ ಶಾಲೆಗೆ ಹೋದರೂ ಟೀಚರ್ ಕುರ್ಚಿ ಬಿಟ್ಟು, ಮಗು ಕೂತಿರೋ ಬೆಂಚಿನಲ್ಲಿ, ಅದರ ಪಕ್ಕ ಜಾಗ ಮಾಡ್ಕೊಂಡು ಕೂರ್ತಿದ್ರು. ಅವರ ಗಾತ್ರಕ್ಕೆ ಆ ಬೆಂಚು — ಅಕ್ಕನ ಮಗಳು ನಗ್ತಿದಾಳೆ, ನೋಡಿ. ನಗಲಿ. ಎಷ್ಟು ದಿನ ಆಯ್ತೋ ನಕ್ಕು.

ನನಗೆ ಕೊಟ್ಟ ವಿಷಯ, ಮೇಡಂ ಅವರ ಶೈಕ್ಷಣಿಕ ಸಾಧನೆಗಳು. ಅದನ್ನ ಪ್ರಾಂಶುಪಾಲರು ಆಗಲೇ ಚೆನ್ನಾಗಿ ಓದಿದ್ರು. ಪ್ರಬಂಧಗಳು, ಪುಸ್ತಕಗಳು, ಹೊರದೇಶದ ಸಮ್ಮೇಳನಗಳು. ಆಮೇಲೆ ನಿರ್ದೇಶಕರು ಮಾತಾಡಿದ್ರು. ಕೊನೆಗೆ ಒಂದು ಘೋಷಣೆ ಮಾಡಿದ್ರು. ನಮ್ಮ ವ್ಯಾಪ್ತಿಯ ಪ್ರತಿಯೊಂದು ಶಾಲೆಯಲ್ಲೂ ಮೇಡಂ ಹೆಸರಿನಲ್ಲಿ ಒಂದು ವಿಶೇಷ ಓದುವ ಕೊಠಡಿ ತೆರೀತೀವಿ, ಬಾಗಿಲ ಮೇಲೆ ಅವರ ಹೆಸರು ಹಾಕ್ತೀವಿ ಅಂತ. ನೀವೆಲ್ಲ ಚಪ್ಪಾಳೆ ತಟ್ಟಿದ್ರಿ. ಮುಂದಿನ ಸಾಲಿನಲ್ಲಿ ಒಬ್ಬರು ತಟ್ಟಲಿಲ್ಲ. ಅವರು ಯಾಕೆ ತಟ್ಟಲಿಲ್ಲ ಅಂತ ಹೇಳೋಕೆ ನಾನು ನಿಂತಿದ್ದೀನಿ. ಸಾಧನೆ ಪಟ್ಟಿ ಸಾಕು.

ಅಕ್ಕ ಜೀವಮಾನವಿಡೀ ಮಾಡಿದ್ದು ಒಂದೇ ಕೆಲಸ. ಓದೋಕೆ ಬಾರದ ಮಗುವನ್ನ ಕ್ಲಾಸಿನಿಂದ ಹೊರಗೆ ಕಳಿಸಬೇಡಿ ಅಂತ ಹೇಳೋದು. ಅಷ್ಟೇ. ಅದೇ ಕ್ಲಾಸು, ಅದೇ ಬೆಂಚು, ಉಳಿದ ಮಕ್ಕಳ ನಡುವೆಯೇ ಕೂರಿಸಿ ಓದಿಸಿ. ಇದನ್ನ ಸಮನ್ವಯ ಶಿಕ್ಷಣ ಅಂತಾರೆ, ಪರೀಕ್ಷೆಗೆ ಐದು ಅಂಕದ ಪ್ರಶ್ನೆ. ಅಕ್ಕ ಆ ಪದವನ್ನ ಬಾಯಲ್ಲಿ ಹೇಳಿದ್ದು ನಾನು ಕೇಳಿದ್ದು ಕಡಿಮೆ. ಅವರು ತಮ್ಮನ ಕಥೆ ಹೇಳ್ತಿದ್ರು.

ತಮ್ಮ ಅಂದರೆ — ಇಲ್ಲೇ ಕೂತಿದ್ದಾರೆ, ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಚಿಕ್ಕವರಿದ್ದಾಗ ಅವರಿಗೆ ಓದು ಹತ್ತಲಿಲ್ಲ. ಅಕ್ಷರ ನೋಡಿದರೆ ಕಲಸಿಹೋಗೋದಂತೆ. ಶಾಲೆಯವರು ಅವರನ್ನ ಉಗ್ರಾಣದ ಪಕ್ಕದ ರೂಮಿನಲ್ಲಿ ಕೂರಿಸಿದ್ರು. ಮುರಿದ ಕುರ್ಚಿ, ಹಳೇ ಭೂಪಟ, ಇವರಂಥ ಇನ್ನೂ ನಾಲ್ಕೈದು ಮಕ್ಕಳು. ಶಿಕ್ಷೆ ಏನಲ್ಲ, ಒಳ್ಳೇದಕ್ಕೇ ಮಾಡಿದ್ದು ಅಂತ ಹೆಡ್‌ಮಾಸ್ಟರು ಅಪ್ಪನಿಗೆ ಹೇಳಿದ್ರಂತೆ. ಅಕ್ಕನ ಕ್ಲಾಸು ಎದುರಿನ ಸಾಲಿನಲ್ಲಿ. ಕಿಟಕಿಯಿಂದ ತಮ್ಮ ಕಾಣ್ತಿದ್ದ. ಸಂಜೆ ಮನೆ ಮೆಟ್ಟಿಲ ಮೇಲೆ ಅವನ ಪಕ್ಕ ಕೂತು, ಪುಸ್ತಕ ತೊಡೆ ಮೇಲಿಟ್ಟುಕೊಂಡು, ಅವನು ಒಂದು ಪದ ಓದೋವರೆಗೂ ಈ ಹುಡುಗಿ ಸುಮ್ಮನೆ ಕಾಯೋದು. ಅಮ್ಮ ಒಳಗಿಂದ ಕೂಗೋಳಂತೆ, "ನೀನೇ ಹೇಳಿಕೊಡಬಾರದೇನೇ, ಊಟಕ್ಕೆ ಹೊತ್ತಾಯ್ತು." ಅದಕ್ಕೆ ಇವರು, "ಹೇಳಿಕೊಡಲ್ಲಮ್ಮ, ಬರುತ್ತೆ ಅವನಿಗೆ." ಬಂತು. ನಿಧಾನಕ್ಕೆ, ಬಹಳ ನಿಧಾನಕ್ಕೆ, ಆದರೆ ಬಂತು. ಇವತ್ತಿಗೂ ಅವರು ಬೆರಳಿಟ್ಟು ಓದ್ತಾರೆ. ಅಕ್ಕ ಹೇಳ್ತಿದ್ರು, "ನನಗೆ ಡಾಕ್ಟರೇಟ್ ಕೊಟ್ಟಿದ್ದು ವಿಶ್ವವಿದ್ಯಾಲಯ ಅಲ್ಲ ಕಣೇ, ಆ ಬೆರಳು."

ಆಮೇಲೆ ದೊಡ್ಡವರಾದ ಮೇಲೆ ಅದನ್ನೇ ಒಂದು ಕಾರ್ಡು ಮಾಡಿದ್ರು. ನಿಮಗೆಲ್ಲ ಗೊತ್ತು ಆ ಕಾರ್ಡು. ತೂತು ಬಿದ್ದ ಬಕೆಟ್ಟಿನ ಕಥೆ. ಅವರೇ ಬರೆದಿದ್ದು. ಭಾವ ತಮ್ಮದೇ ಪ್ರೆಸ್ಸಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಕೊಟ್ಟಿದ್ದು. ಕಥೆಯಲ್ಲಿ ಒಂದು ಕಡೆ ಬೇಕಂತಲೇ ಒಂದು ಕಷ್ಟದ ಪದ ಇಟ್ಟಿದ್ರು — ಆಶ್ಚರ್ಯ. ಮಗು ಅಲ್ಲಿ ನಿಲ್ಲುತ್ತೆ. ಆಗ ಟೀಚರ್ ಏನು ಮಾಡಬೇಕು? ಏನೂ ಮಾಡಬಾರದು. ಪಕ್ಕ ಕೂತ್ಕೋಬೇಕು, ಗಡಿಯಾರ ನೋಡಬಾರದು, ಹೇಳಿಕೊಡಬಾರದು. ಮಗು ಎಲ್ಲಿ ನಿಲ್ಲುತ್ತೆ, ಹೇಗೆ ದಾಟುತ್ತೆ ಅಂತ ನೋಡಬೇಕು. ನಾಳೆ ಆ ಮಗುವಿಗೆ ಎಲ್ಲಿಂದ ಶುರು ಮಾಡಬೇಕು ಅಂತ ಟೀಚರಿಗೆ ತಿಳೀಲಿ ಅಂತ ಆ ಕಾರ್ಡು. ಅದರಲ್ಲಿ ಅಂಕ ಇರಲಿಲ್ಲ. ಪಾಸು ಫೇಲು ಇರಲಿಲ್ಲ.

ನಮ್ಮನ್ನೂ ಹಾಗೇ ನಡೆಸಿಕೊಳ್ತಿದ್ರು. ನಿರ್ದೇಶಕರಿಗೆ ನೆನಪಿದೆಯೋ ಇಲ್ಲವೋ — ಸಾರ್, ಆಗ ನೀವಿನ್ನೂ ಇದೇ ಕಾಲೇಜಿನಲ್ಲಿ ನಮ್ಮ ಜೊತೆ ಇದ್ರಿ. ಒಂದು ಸಭೆಯಲ್ಲಿ ವಂದನಾರ್ಪಣೆ ಮಾಡ್ತಾ ಮಾಡ್ತಾ ನಿಮಗೆ ಅತಿಥಿಗಳ ಹೆಸರೇ ಮರೆತುಹೋಯ್ತು. ಪಾಪ, ಅವರು ನಿಮ್ಮ ಎದುರಿಗೇ ಕೂತಿದ್ರು. ನೀವು ಬೆವರಿದ್ರಿ. ಈ ಕಡೆಯಿಂದ ಒಬ್ಬರು, ಆ ಕಡೆಯಿಂದ ಒಬ್ಬರು ಪಿಸುಗುಡೋಕೆ ಶುರು ಮಾಡಿದ್ರು. ಅಕ್ಕ ಕೂತಲ್ಲಿಂದಲೇ ಹೀಗೆ ಕೈ ಎತ್ತಿದ್ರು. "ಯಾರೂ ಹೇಳಿಕೊಡಬೇಡಿ. ಬರುತ್ತೆ ಅವರಿಗೆ," ಅಂದ್ರು. ಇಡೀ ಸಭೆ ಗಪ್‌ಚುಪ್. ಬಂತು ಸಾರ್ ನಿಮಗೆ ಹೆಸರು. ನೀವೂ ನಕ್ರಿ, ಅತಿಥಿಗಳೂ ನಕ್ರು. ಆವತ್ತು ಸಂಜೆ ನೀವೇ ನಮ್ಮ ರೂಮಿಗೆ ಬಂದು, "ಮೇಡಂ, ಕಾಯೋದು ಅಂದರೆ ಏನು ಅಂತ ಇವತ್ತು ಅರ್ಥ ಆಯ್ತು," ಅಂದ್ರಿ. ನಾನು ಅಲ್ಲೇ ಇದ್ದೆ.

ಹ್ಞೂಂ. ಈಗ ಮುಂದಿನದು.

ಆ ಕಾರ್ಡು ಚೆನ್ನಾಗಿದೆ ಅಂತ ಇಲಾಖೆ ತಗೊಂಡಿತು. ಎಲ್ಲ ಶಾಲೆಗಳಿಗೂ ಕಳಿಸ್ತೀವಿ ಅಂದ್ರು. ಅಕ್ಕ ಆವತ್ತು ಎಷ್ಟು ಖುಷಿಯಾಗಿದ್ರು ಅಂದರೆ ನನಗೆ ಎರಡು ಸಲ ಟೀ ತರಿಸಿಕೊಟ್ರು. ಕಾರ್ಡು ಕಚೇರಿಯಿಂದ ಕಚೇರಿಗೆ ಹೋಯ್ತು. ಒಂದು ಕಡೆ ಯಾರೋ ಸಮಯ ಸೇರಿಸಿದ್ರು, ಅಷ್ಟು ಮಕ್ಕಳಿಗೆ ಹಾಗೆ ಕಾಯ್ತಾ ಕೂತರೆ ಆಗುತ್ತಾ ಅಂತ. ಇನ್ನೊಂದು ಕಡೆ ಅಂಕ ಸೇರಿತು. ಮತ್ತೊಂದು ಕಡೆ, ಇಷ್ಟಕ್ಕಿಂತ ಕಡಿಮೆ ಬಂದವರನ್ನ ಬೇರೆ ಕೂರಿಸಿ ಅಂತ ಒಂದು ಸಾಲು ಸೇರಿತು. ಯಾರೂ ಕೆಟ್ಟವರಲ್ಲ. ಎಲ್ಲರೂ ಒಳ್ಳೇದಕ್ಕೇ ಮಾಡಿದ್ರು. ವಾಪಸ್ ಬರೋ ಹೊತ್ತಿಗೆ ಬಕೆಟ್ಟಿನ ಕಥೆ ಹಾಗೇ ಇತ್ತು, ಅದರಿಂದ ಮಕ್ಕಳನ್ನ ಆರಿಸಿ ಹೊರಗೆ ಹಾಕ್ತಿದ್ರು. ತಮ್ಮನನ್ನ ಆ ರೂಮಿನಿಂದ ಈಚೆಗೆ ತರಬೇಕು ಅಂತ ಮಾಡಿದ್ದು, ಮಕ್ಕಳನ್ನ ಆ ರೂಮಿಗೆ ಕಳಿಸೋಕೆ ಬಳಕೆ ಆಯ್ತು.

ಒಂದು ಶಾಲೆಯವರು ಒಂದು ಹೆಜ್ಜೆ ಮುಂದೆ ಹೋದ್ರು. ಅಕ್ಕನ ಮೇಲಿನ ಗೌರವದಿಂದ ಆ ಕೊಠಡಿಗೆ ಅವರದೇ ಹೆಸರಿಟ್ರು. ಉದ್ಘಾಟನೆಗೆ ಅವರನ್ನೇ ಕರೆದ್ರು. ಏನು ಕೊಠಡಿ ಅಂತ ನಮಗೆ ಅಲ್ಲಿಗೆ ಹೋಗೋವರೆಗೂ ಗೊತ್ತಿಲ್ಲ. ಓದುವ ಕೊಠಡಿ ಅಂದಿದ್ರು, ಗ್ರಂಥಾಲಯ ಇರಬೇಕು ಅಂದುಕೊಂಡು ಅಕ್ಕ ಮನೆಯಿಂದ ಒಂದು ಚೀಲ ಕಥೆ ಪುಸ್ತಕ ತಂದಿದ್ರು. ಉದ್ದ ಮೊಗಸಾಲೆ, ಅದರ ಕೊನೆಗೆ, ನೀರಿನ ಟ್ಯಾಂಕಿನ ಪಕ್ಕ, ಹೊಸದಾಗಿ ಬಣ್ಣ ಬಳಿದ ಬಾಗಿಲು. ಮೇಲೆ ಬೋರ್ಡು. ಅಕ್ಕನ ಪೂರ್ತಿ ಹೆಸರು, ಡಾಕ್ಟರ್ ಸಮೇತ. ಅಡ್ಡ ಒಂದು ಕೆಂಪು ಟೇಪು, ತಟ್ಟೆಯಲ್ಲಿ ಕತ್ತರಿ. ಒಳಗೆ, ಕಡಿಮೆ ಅಂಕ ಬಂದ ಕೆಲವು ಮಕ್ಕಳನ್ನ ಮೊದಲೇ ಕೂರಿಸಿಬಿಟ್ಟಿದ್ರು. ಟೇಪಿನ ಆ ಕಡೆ ಅವರು, ಈ ಕಡೆ ನಾವು.

ಅಕ್ಕ ಕತ್ತರಿ ಮುಟ್ಟಲಿಲ್ಲ. ಬಗ್ಗಿ, ಟೇಪಿನ ಕೆಳಗೆ ತೂರಿ — ಮಂಡಿ ನೋವು ಬೇರೆ, ನನ್ನ ಭುಜ ಹಿಡ್ಕೊಂಡು — ಒಳಗೆ ಹೋಗಿ ಒಂದು ಹುಡುಗಿ ಪಕ್ಕ ಕೂತ್ರು. ಚೀಲದಿಂದ ಹಳೇ ಕಾರ್ಡು ತೆಗೆದ್ರು. ಆ ಹುಡುಗಿ ಓದೋಕೆ ಶುರು ಮಾಡಿತು. ಚೆನ್ನಾಗೇ ಓದ್ತಿತ್ತು ಕಣ್ರೀ. ಆಶ್ಚರ್ಯದ ಹತ್ತಿರ ನಿಂತಿತು. ಅಕ್ಕ ಕಾದ್ರು. ಟೇಪಿನ ಈ ಕಡೆ ಎಲ್ಲರೂ ಕಾಲು ಬದಲಾಯಿಸ್ತಾ ನಿಂತಿದ್ದಾರೆ. ಫೋಟೋದವನು ಫೋನ್ ನೋಡ್ತಿದ್ದಾನೆ. ಹುಡುಗಿ "ಆ" ಅಂತು. "ಆಶ್" ಅಂತು. ಮುಂದಿನ ಅಕ್ಷರ ಬಾಯಿಗೆ ಬರ್ತಿತ್ತು, ನಾನು ನೋಡ್ತಿದ್ದೆ. ಅಷ್ಟರಲ್ಲಿ ಹೆಡ್‌ಮಾಸ್ಟರು ಬಾಗಿಲಿಂದ, "ಆಶ್ಚರ್ಯ, ಆಶ್ಚರ್ಯ ಅಂತ ಹೇಳಮ್ಮ, ಮೇಡಮ್ಮಿಗೆ ಹೊತ್ತಾಗುತ್ತೆ," ಅಂದ್ರು.

ಹುಡುಗಿ ಕಾರ್ಡು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿತು. ಮತ್ತೆ ಎತ್ತಲಿಲ್ಲ. ಅಕ್ಕ ಎದ್ದು ಈಚೆ ಬಂದು ಹೇಳಿದ್ದು ಒಂದೇ ಮಾತು. "ನನ್ನ ಹೆಸರು ತೆಗೀರಿ, ಈ ಮಕ್ಕಳನ್ನ ಅವರವರ ಕ್ಲಾಸಿಗೆ ಕಳಿಸಿ." ಎಲ್ಲರೂ ತಲೆ ಆಡಿಸಿದ್ರು. ನಾವು ಕಾರಿನ ಹತ್ತಿರ ಬರ್ತಿದ್ದ ಹಾಗೇ ಹಿಂದೆ ಚಪ್ಪಾಳೆ ಕೇಳಿಸಿತು. ಬೇರೆ ಯಾರೋ ಟೇಪು ಕತ್ತರಿಸಿದ್ರು.

ಅಲ್ಲಿಂದಾಚೆ ಅಕ್ಕ ಹೊಸದೇನೂ ಬರೀಲಿಲ್ಲ. ಆ ಕಾರ್ಡನ್ನ ವಾಪಸ್ ತಗೊಳ್ಳಿ ಅಂತ ಇಲಾಖೆಗೆ ಅಲೆದ್ರು. ಮೆಟ್ಟಿಲು ಹತ್ತೋಕಾಗದಿದ್ದಾಗ ನನ್ನನ್ನ ಕಳಿಸಿದ್ರು. ತಾವು ಮಾಡಿದ್ದನ್ನ ತಾವೇ ಅಳಿಸಿ ಅಂತ ಬೇಡ್ಕೊಂಡು ಓಡಾಡಿದ ವಿದ್ವಾಂಸರನ್ನ ನಾನು ಬೇರೆ ಯಾರನ್ನೂ ನೋಡಿಲ್ಲ. ಎಲ್ಲ ಕಡೆ ಕುರ್ಚಿ ಕೊಟ್ರು, ನೀರು ಕೊಟ್ರು, ನಿಮ್ಮ ಸೇವೆ ಮರೆಯೋ ಹಾಗಿಲ್ಲ ಮೇಡಂ ಅಂದ್ರು. ಕಾರ್ಡು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ಆಸ್ಪತ್ರೆಯಲ್ಲಿದ್ದಾಗ ಒಂದು ದಿನ ಕೇಳಿದ್ರು, "ಆ ಹುಡುಗಿ ಏನಾದಳೇ?" ನಾನು ವಿಚಾರಿಸಿದ್ದೆ. ಮೈದಾನದಲ್ಲಿ ಬೇರೆ ಮಕ್ಕಳು ಆ ರೂಮಿನ ಮಕ್ಕಳನ್ನ ಬೋರ್ಡಿನ ಮೇಲಿದ್ದ ಹೆಸರಿಂದಲೇ ಅಣಕಿಸ್ತಿದ್ರಂತೆ. ದಡ್ಡ ಅನ್ನೋ ಬದಲು ಅಕ್ಕನ ಹೆಸರು. ಆ ಶಾಲೆಯಲ್ಲಿ ಅದು ಬೈಗುಳ ಆಗಿಹೋಗಿತ್ತು. ಹುಡುಗಿ ಶಾಲೆ ಬಿಟ್ಟಿತ್ತು. ಅಕ್ಕನ ಹತ್ತಿರ ಸುಳ್ಳು ಹೇಳೋಕೆ ನನಗೆ ಬರಲ್ಲ. ಇದ್ದಿದ್ದು ಇದ್ದಹಾಗೇ ಹೇಳಿದೆ. ಅವರು ಗೋಡೆ ಕಡೆ ಹೊರಳಿ ಮಲಗಿದ್ರು. ಮಗಳು ಊಟ ತಂದಳು, ಮುಟ್ಟಲಿಲ್ಲ. ಅವರು ಸಮಾಧಾನದಿಂದ ಹೋದ್ರು ಅಂತ ಇವತ್ತು ಇಲ್ಲಿ ಒಬ್ಬರು ಹೇಳಿದ್ರು. ಇಲ್ಲ. ಹಾಗೆ ಹೋಗಲಿಲ್ಲ. ಸೋತು ಹೋದ್ರು. ಅದನ್ನ ಇಲ್ಲಿ ಯಾರಾದರೂ ಹೇಳಬೇಕಿತ್ತು, ಹೇಳಿದ್ದೀನಿ.

ಇವತ್ತು ಬೆಳಗ್ಗೆ ತಮ್ಮನವರು ನನ್ನನ್ನ ಈ ಹಾಲಿನ ಹೊರಗೆ ನಿಲ್ಲಿಸಿಕೊಂಡ್ರು. ಬರೋ ದಾರೀಲಿ ಆ ಶಾಲೆ ಹತ್ತಿರ ಇಳಿದು ನೋಡಿ ಬಂದಿದ್ರು. ಮೊಗಸಾಲೆಯಲ್ಲಿ ನಿಂತು, ಬೆರಳು ಮೇಲೆತ್ತಿ, ಒಂದೊಂದೇ ಅಕ್ಷರ ಕೂಡಿಸಿ ಆ ಬೋರ್ಡು ಓದಿದ್ರಂತೆ. ನನ್ನನ್ನ ಕೇಳಿದ್ರು, "ಅಲ್ಲಮ್ಮಾ, ನನ್ನನ್ನ ಕೂರಿಸ್ತಿದ್ದಂಥ ರೂಮಿಗೆ ನಮ್ಮಕ್ಕನ ಹೆಸರಾ?" ಆಮೇಲೆ, "ಅವಳು ಓದೋಕೆ ಕಲಿಸದೇ ಇದ್ದಿದ್ರೆ ಚೆನ್ನಾಗಿತ್ತು. ಅದನ್ನ ಓದೋದಾದರೂ ತಪ್ಪುತ್ತಿತ್ತು," ಅಂದ್ರು.

ನಾನು ಅವರಿಗೆ ಏನು ಹೇಳಲಿ? ನೀವೇ ಹೇಳಿ, ಇಷ್ಟು ಜನ ಇದ್ದೀರಿ, ಬಹುಪಾಲು ಟೀಚರ್‌ಗಳು. ಮನೆಯವರದು ಬೇರೆ ಯಾವ ಬೇಡಿಕೆಯೂ ಇಲ್ಲ. ಪ್ರತಿಮೆ ಬೇಡ, ಪ್ರಶಸ್ತಿ ಬೇಡ. ಆ ಒಂದು ಬಾಗಿಲಿಂದ ಹೆಸರು ಇಳಿಸಬೇಕು. ಬೇರೆ ಯಾವ ಬಾಗಿಲಿಗೂ ಏರಿಸಬಾರದು. ಒಳಗಿರೋ ಮಕ್ಕಳು ತಮ್ಮ ಕ್ಲಾಸಿಗೆ ವಾಪಸ್ ಹೋಗಬೇಕು.

ಇನ್ನು ನಾವೆಲ್ಲ ಎದ್ದು ನಿಂತು ಮೌನವಾಗಿ ಅವರನ್ನ ನೆನೆಯೋ ಹೊತ್ತು. ಇಂಥ ಸಭೆಗಳಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತು. ಒಬ್ಬರು ಕೈಗಡಿಯಾರ ನೋಡ್ತಿರ್ತಾರೆ, ಸ್ವಲ್ಪ ಹೊತ್ತಾದ ಮೇಲೆ ಸಾಕು ಅಂತ ಸನ್ನೆ ಮಾಡ್ತಾರೆ, ಎಲ್ಲರೂ ಕೂರ್ತಾರೆ. ಇವತ್ತು ಆ ಕೆಲಸ ನನ್ನದು. ನಾನು ಗಡಿಯಾರ ನೋಡಲ್ಲ. ಸನ್ನೆಯೂ ಮಾಡಲ್ಲ.

ಸಾರ್, ಕೂರಿ ಅಂತ ಹೇಳಬೇಕಾದವರು ನೀವು. ಅದಕ್ಕೂ ಮೊದಲು ನಿಮ್ಮಿಂದ ಇನ್ನೊಂದು ಮಾತು ಬರಬೇಕು. ಯಾವ ಮಾತು ಅಂತ ಈ ಹಾಲಿನಲ್ಲಿರೋ ಎಲ್ಲರಿಗೂ ಈಗ ಗೊತ್ತು. ಬರುತ್ತೆ ಅನ್ನೋ ನಂಬಿಕೆ ನನಗಿಲ್ಲ, ಮುಚ್ಚಿಟ್ಟು ಏನು ಪ್ರಯೋಜನ. ಅಕ್ಕನಿಗಾದರೆ ಇರ್ತಿತ್ತು. ಅವರಿದ್ದಿದ್ರೆ ಎದ್ದು ಬಂದು ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತ್ಕೊಂಡು ಕಾಯ್ತಿದ್ರು. ಅವರ ಬದಲು ತಮ್ಮನವರು ಕಾಯ್ತಾರೆ, ನಾವೂ ಕಾಯ್ತೀವಿ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.

ಯಾರೂ ಹೇಳಿಕೊಡಬೇಡಿ.