ಗೆಳೆಯನಿಗೆ ದಾಟಿಸಿದ ಖೋಟಾ ನೋಟು

ನೋಡಿ ಶರಣರೇ, ಹತ್ತಿ ಮಿಲ್ಲುಗಳ ಊರೊಂದರಲ್ಲಿ ಬಸವಂತಪ್ಪ ಎಂಬ ಶ್ರೀಮಂತನಿದ್ದ. ಕುಡಿತವಿಲ್ಲ, ಜೂಜಿಲ್ಲ. ಇದ್ದದ್ದು ಒಂದೇ ಹುಚ್ಚು, ಹಳೆಯ ನೋಟುಗಳನ್ನು ಕೂಡಿಡುವುದು. ಇವತ್ತು ಅಂಗಡಿಯಲ್ಲಿ ನಡೆಯದ, ಆದರೆ ಬಲ್ಲವರು ಬಾಯಿ ಬಿಟ್ಟು ನೋಡುವ ನೋಟುಗಳು. ಖೋಟಾ ನೋಟನ್ನು ಗುರುತಿಸುವುದು ಹೇಗೆಂದು ಶಾಲೆಗಳಿಗೆ ಹೋಗಿ ಭಾಷಣ ಬೇರೆ ಮಾಡುತ್ತಿದ್ದ.

ಒಮ್ಮೆ ಮೊಬೈಲಿನಲ್ಲಿ ಬ್ರಿಟಿಷರ ಕಾಲದ ಒಂದು ನೋಟು ಕಣ್ಣಿಗೆ ಬಿತ್ತು. ವರ್ಷಗಟ್ಟಲೆ ಹುಡುಕುತ್ತಿದ್ದ ನೋಟದು. ಮಾರುವವನು ಯಾರು, ಎಲ್ಲಿಯವನು, ಏನೂ ವಿಚಾರಿಸಲಿಲ್ಲ. ಆಸೆಗೆ ವಿಚಾರಿಸುವ ತಾಳ್ಮೆ ಎಲ್ಲಿರುತ್ತದೆ? ದುಡ್ಡು ಕಳಿಸಿಬಿಟ್ಟ.

ಅಂಚೆಯಲ್ಲಿ ನೋಟು ಬಂತು. ಅಂಥ ನೋಟಿನ ಕಾಗದದೊಳಗೆ ದೊರೆಯ ಮುಖ ಅಡಗಿರುತ್ತದೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣಬೇಕು. ಇದರಲ್ಲಿ ಮೇಜಿನ ಮೇಲಿಟ್ಟರೂ ಕಾಣುತ್ತಿತ್ತು, ಬೂದು ಮಸಿಯಲ್ಲಿ ಒತ್ತಿದ ಹಾಗೆ. ಬಸವಂತಪ್ಪನ ಮುಖ ಇಳಿಯಿತು. ಹೆಂಡತಿ ನೀಲಮ್ಮ ಕೇಳಿದಳು.

“ಯಾಕ್ರೀ, ಏನಾತು?”

“ಖೋಟಾ ಇದ್ದಂಗ ಐತಿ.”

“ಹಂಗಾದ್ರ ಈಗ ಮಾರಿದವಂಗ ಬರೀರಿ. ಫೋಟೋ ತಗೀರಿ, ಬಂದ ಪಾಕೀಟು ಒಗೀಬ್ಯಾಡ್ರಿ. ಅವ ಬಗ್ಗಲಿಲ್ಲಂದ್ರ ಪೊಲೀಸರದಾರ.”

“ನಾಲ್ಕು ಮಂದಿಗೆ ಗೊತ್ತಾದ್ರ ನನ್ನ ಮರ್ಯಾದಿ ಏನಾಗಬೇಕು? ಖೋಟಾ ಹೆಂಗ ಹಿಡೀಬೇಕಂತ ಊರಿಗೆಲ್ಲಾ ಹೇಳಿದಾಂವ ನಾನು.”

ಕೇಳಿದಿರಾ? ಕಳ್ಳನಿಗೆ ಮರ್ಯಾದೆಯ ಚಿಂತೆಯಿಲ್ಲ. ಮೋಸ ಹೋದವನಿಗೆ ನಾಚಿಕೆ! ಇಲ್ಲಿಯವರೆಗೆ ಬಸವಂತಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಮೋಸ ಹೋಗುವುದು ಪಾಪವಲ್ಲ. ಮುಂದೆ ಮಾಡಿದ್ದನ್ನು ಕೇಳಿ.

ಅವನಿಗೆ ಮಹಾರುದ್ರಪ್ಪ ಎಂಬ ಗೆಳೆಯನಿದ್ದ, ನಿವೃತ್ತ ಡ್ರಾಯಿಂಗ್ ಮಾಸ್ತರ. ಅವನದೂ ಅದೇ ಹುಚ್ಚು, ಆದರೆ ಪಿಂಚಣಿಯಲ್ಲೇ ದಿನ ತಳ್ಳಬೇಕು. ಅವನ ಬಳಿ ಅಜ್ಜನ ಕಾಲದ ಒಂದು ಬೆಳ್ಳಿ ನಾಣ್ಯವಿತ್ತು. ಬಸವಂತಪ್ಪ ಆ ನೋಟನ್ನು ಚೊಕ್ಕ ಲಕೋಟೆಯಲ್ಲಿಟ್ಟು ಒಯ್ದ, “ನೀ ನಾಣ್ಯ ಕೊಡು, ನಾ ಇದನ್ನ ಕೊಡ್ತೀನಿ” ಅಂದ. ಮಹಾರುದ್ರಪ್ಪ ಖುಷಿಯಿಂದ ಒಳಗೆ ಹೋಗಿ ನಾಣ್ಯ ತಂದ.

“ಬೆಳಕಿಗೆ ಹಿಡಿದು ನೋಡೂದಿಲ್ಲೇನು?” ಅಂತ ಬಸವಂತಪ್ಪನೇ ಕೇಳಿದ.

“ನೀ ಕೊಟ್ಟದ್ದನ್ನ ನೋಡೂದೇನೈತಿ ಮಾರಾಯಾ.”

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನಾಣ್ಯ ಜೇಬಿಗಿಳಿಸಿ ಮನೆಗೆ ಬಂದ.

ಹುಬ್ಬಳ್ಳಿಯಲ್ಲಿ ನಾಣ್ಯ, ನೋಟುಗಳ ಪ್ರದರ್ಶನವಾಯಿತು. ಮಹಾರುದ್ರಪ್ಪ ಜೀವನದಲ್ಲಿ ಮೊದಲ ಸಲ ಒಂದು ಮೇಜು ಬಾಡಿಗೆಗೆ ಹಿಡಿದು, ನೋಟನ್ನು ನಡುವೆ ಇಟ್ಟ. ಪರೀಕ್ಷೆ ಮಾಡುವವರು ಬಂದು ಎತ್ತಿ ನೋಡಿದರು.

“ಮಾಸ್ತರ್ರ, ಇದು ಖೋಟಾ. ಎಲ್ಲಿಂದ ತಂದ್ರಿ?”

ಮಂದಿ ಸೇರಿದರು. ಗೊತ್ತಿದ್ದೇ ಮಾರಲು ತಂದಿರಬೇಕು ಎಂದು ಯಾರೋ ಅಂದರು. ಆ ಮಂದಿಯ ನಡುವೆ ಬಸವಂತಪ್ಪನೂ ನಿಂತಿದ್ದ. ಮಹಾರುದ್ರಪ್ಪ ಅವನ ಕಡೆ ನೋಡಿದ. ಪಾಪ, ಇವನೂ ಮೋಸ ಹೋಗಿದ್ದಾನೆ, ಇವನ ಹೆಸರು ಯಾಕೆ ಕೆಡಬೇಕು ಎಂದುಕೊಂಡ.

“ನಾನ ಮೊಬೈಲಿನ್ಯಾಗ ತರಿಸೇನ್ರಿ. ತಪ್ಪು ನಂದು.”

ಅವನನ್ನು ಮೇಜಿನಿಂದ ಎಬ್ಬಿಸಿದರು. ನಲವತ್ತು ವರ್ಷ ಪಾಠ ಹೇಳಿದ ಮನುಷ್ಯ ಎಲ್ಲರೆದುರು ತಲೆ ತಗ್ಗಿಸಿಕೊಂಡು ಹೊರಗೆ ನಡೆದ. ಬಸವಂತಪ್ಪ ಏನು ಮಾಡಿದ? ಪಕ್ಕದ ಮೇಜಿನ ನಾಣ್ಯ ನೋಡುತ್ತ ನಿಂತ. ನಾಣ್ಯ ನೋಡುತ್ತ ನಿಂತ ಅಂತೀನಿ!

ಮರುದಿನ ಮಹಾರುದ್ರಪ್ಪ ಅವನ ಮನೆಗೆ ಬಂದ. ಜಗಳಕ್ಕಲ್ಲ, ಸಮಾಧಾನ ಹೇಳುವುದಕ್ಕೆ. ನೋಟನ್ನು ಮುಂದಿಟ್ಟ.

“ಮನಸಿಗೆ ಹಚ್ಕೋಬ್ಯಾಡ. ನಿನಗೂ ಗೊತ್ತಿರಲಿಲ್ಲಲ್ಲ?”

ಬಸವಂತಪ್ಪ ನೋಟನ್ನು ತನ್ನ ಕಡೆ ಎಳೆದುಕೊಂಡ. ಚಹಾ ತಂದ ನೀಲಮ್ಮ ಬಾಗಿಲಲ್ಲೇ ನಿಂತಳು.

“ಅವರಿಗೆ ಗೊತ್ತಿತ್ತು ಅಣ್ಣಾ. ನೋಟು ಬಂದ ದಿನಾನ ಗೊತ್ತಿತ್ತು.”

ಮಹಾರುದ್ರಪ್ಪ ಗೆಳೆಯನ ಮುಖ ನೋಡಿದ. ಎದ್ದು ಚಪ್ಪಲಿ ಮೆಟ್ಟಿ ಹೋದ.

ಆಮೇಲೆ ಬಸವಂತಪ್ಪ ಎಲ್ಲ ಮಾಡಿದ. ಮಾರಿದವನಿಗೆ ಬರೆದ, ಉತ್ತರವಿಲ್ಲ. ನೋಟು ಕೊಂಡ ಜಾಲತಾಣಕ್ಕೆ ಬರೆದ, ವಾಪಸು ಮಾಡುವ ಗಡುವು ಮುಗಿದಿದೆ ಅಂದರು. ಪೊಲೀಸರು ದೂರು ಬರೆದುಕೊಂಡು ನೋಟನ್ನೂ ಪಾಕೀಟನ್ನೂ ಇಟ್ಟುಕೊಂಡರು. ಹುಬ್ಬಳ್ಳಿಗೆ ಹೋಗಿ ನಡೆದದ್ದನ್ನು ಪ್ರದರ್ಶನದವರಿಗೆ ಹೇಳಿ ಮಾಸ್ತರನ ಹೆಸರು ತೊಳೆದ. ಕೊನೆಗೆ ನಾಣ್ಯ ಹಿಡಿದು ಅವನ ಬಾಗಿಲಿಗೆ ಹೋದ. ಮಹಾರುದ್ರಪ್ಪ ನಾಣ್ಯ ತೆಗೆದುಕೊಂಡ. ಒಳಗೆ ಬಾ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ.

ಶರಣರೇ, ಬಸವಂತಪ್ಪನನ್ನು ಬೈಯುವುದು ಸುಲಭ. ನೀವೇನು ಮಾಡುತ್ತೀರಿ? ಕೆಟ್ಟ ಸ್ಕೂಟರ್ ಗಂಟು ಬಿತ್ತು, ಬಣ್ಣ ಬಳಿದು ಭಾವಮೈದುನನಿಗೆ ದಾಟಿಸಿದಿರಿ. ಹರಿದ ನೋಟು ಬಂತು, ಮಡಚಿ ಕಣ್ಣು ಕಾಣದ ತರಕಾರಿ ಅಜ್ಜಿಗೆ ಕೊಟ್ಟಿರಿ. ಮನೆಗೆ ಬಂದು, ಹೆಂಗೋ ಸಾಗಹಾಕಿದೆ ಅಂತ ನಗುತ್ತ ಹೇಳಿದಿರಿ. ನಿಮಗೆ ಮೋಸ ಮಾಡಿದವನಿಗೆ ನಿಮ್ಮ ಮುಖ ಗೊತ್ತಿರಲಿಲ್ಲ. ನೀವು ಮಾಡಿದ್ದು ಮುಖ ಗೊತ್ತಿದ್ದವರಿಗೆ. ಯಾರು ದೊಡ್ಡ ಕಳ್ಳ?

ನಾಳೆ ನಿಮ್ಮ ಮನೆಗೂ ಅಂಥ ನೋಟು ಬಂದೀತು. ಮೊದಲು ಮನೆಯವರ ಮುಂದೆ ಹೇಳಿ. ನೋಟನ್ನು ಮಡಚಬೇಡಿ, ತಿದ್ದಬೇಡಿ, ಬಂದ ಪಾಕೀಟಿನ ಜೊತೆ ಹಾಗೇ ಇಡಿ. ಬಲ್ಲವರಿಗೆ ತೋರಿಸಿ. ಗಡುವಿನೊಳಗೆ ಮಾರಿದವನಿಗೂ ಜಾಲತಾಣಕ್ಕೂ ಬರಹದಲ್ಲಿ ತಿಳಿಸಿ, ದುಡ್ಡು ಹೋದ ಬ್ಯಾಂಕಿಗೂ ಹೇಳಿ. ಖೋಟಾ ಎಂದು ಬಲ್ಲವರು ಅಂದರೆ ಪೊಲೀಸರನ್ನು ಕೇಳದೆ ಅದನ್ನು ಮಾರಿದವನಿಗೆ ವಾಪಸು ಅಂಚೆಗೂ ಹಾಕಬೇಡಿ. ಹೋದ ದುಡ್ಡು ಬರಬಹುದು, ಬಾರದೆಯೂ ಇರಬಹುದು. ಆದರೆ ಆ ಕಾಗದ ನಿಮ್ಮ ಕೈಯಿಂದ ಇನ್ನೊಬ್ಬ ನಂಬಿದವನ ಕೈಗೆ ಹೋಗಕೂಡದು. ಈಗಾಗಲೇ ಯಾರಿಗಾದರೂ ಏನನ್ನಾದರೂ ಸಾಗಹಾಕಿದ್ದರೆ ಇಲ್ಲಿ ನನ್ನ ಕಾಲಿಗೆ ಬೀಳುವುದು ಬೇಡ. ಎದ್ದು ಹೋಗಿ ಅವರ ಬಾಗಿಲು ಬಡಿಯಿರಿ, ಅವರು ಬಾಗಿಲು ತೆರೆಯುವ ಮನಸ್ಸಿನಲ್ಲಿ ಇರುವಾಗಲೇ.