ನನ್ನ ಹೆಸರಿನಲ್ಲಿ ಹಾರಿದ ತಮ್ಮ

ಹೆಸರು: ಮಹಾವೀರ ತಂದೆ ಆದಪ್ಪ ಖೋತ
ವಯಸ್ಸು: 44 ವರ್ಷ
ಜಾತಿ: ಜೈನ
ಉದ್ಯೋಗ: ಪಂಪ್‌ಸೆಟ್ ಹಾಗೂ ಬಿಡಿಭಾಗಗಳ ವ್ಯಾಪಾರ
ಸಾಕಿನ್: ಬಸ್ ನಿಲ್ದಾಣದ ಹಿಂದಿನ ಓಣಿ, ಗೋಕಾಕ

ಇಂದು ದಿನಾಂಕ 17-7-1999ರಂದು ಬೆಳಿಗ್ಗೆ 10-40ಕ್ಕೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಮೇಲೆ ಬರೆಸಿದ ಹೆಸರು ನನ್ನದೇ ಇರುತ್ತದೆ. ಇದನ್ನು ಮೊದಲಿಗೇ ಹೇಳುವ ಕಾರಣ, ಈ ಪ್ರಕರಣದಲ್ಲಿ ಆ ಹೆಸರಿನವರು ಇಬ್ಬರಾಗಿದ್ದಾರೆ. ಒಮ್ಮೆಯೂ ವಿಮಾನ ಹತ್ತದ ಮಹಾವೀರ ನಾನು. ಮೂರು ವರ್ಷಗಳಲ್ಲಿ 63 ಸಲ ವಿಮಾನ ಹತ್ತಿದ ಮಹಾವೀರ ನನ್ನ ತಮ್ಮ ನಿತಿನ, ವಯಸ್ಸು 29. ಕಾಣೆಯಾದವನು ಅವನು, ನಾನಲ್ಲ. ನಾಲ್ಕು ತಿಂಗಳಿಂದ ಇಷ್ಟನ್ನೇ ಹೇಳುತ್ತಿದ್ದೇನೆ, ಯಾರಿಗೂ ತಿಳಿಯುತ್ತಿಲ್ಲ. ಖರೆ ಹೇಳಬೇಕೆಂದರೆ ಈಗ ನನಗೂ ಸರಿಯಾಗಿ ತಿಳಿಯುತ್ತಿಲ್ಲ.

ನಮ್ಮ ಮನೆಯಲ್ಲಿ ತಾಯಿ ಕಮಲಾಬಾಯಿ, ವಯಸ್ಸು 70, ನಾನು, ನನ್ನ ಹೆಂಡತಿ ರೂಪಾಲಿ ಮತ್ತು ಲಗ್ನವಾಗದ ತಮ್ಮ ನಿತಿನ ಇರುತ್ತೇವೆ. ಅಂಗಡಿಯಲ್ಲಿ ಕೂಡುವುದು ನನ್ನ ಕೆಲಸ, ತಿರುಗಾಡುವುದು ತಮ್ಮನ ಕೆಲಸ. ಮೂಡಲಗಿ, ಕೌಜಲಗಿ ಕಡೆಯ ರೈತರ ಪಂಪು ಸುಟ್ಟರೆ ಬೆಳೆಗೆ ನೀರು ನಿಲ್ಲುತ್ತದೆ. ಪಾರ್ಸಲ್ ಬರಲು ಹನ್ನೆರಡು ದಿನ ಬೇಕು. ಆದ್ದರಿಂದ ನಿತಿನನೇ ಕೊಯಮತ್ತೂರಿಗೋ ರಾಜಕೋಟಕ್ಕೋ ಹೋಗಿ ಸಾಮಾನನ್ನು ಕೈಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದನು.

ದಿನಾಂಕ 11-4-1996ರಂದು ಮಧ್ಯಾಹ್ನ 1 ಗಂಟೆ ಸುಮಾರಿಗೆ ಅವನು ಮುಂಬೈ ವಿಮಾನ ನಿಲ್ದಾಣದಿಂದ ಫೋನು ಮಾಡಿದನು. ಅಲ್ಲಿ ಒಂದು ಕಾರ್ಡು ಮಾಡಿಕೊಡುತ್ತಾರೆ, ಹಾರಿದಷ್ಟೂ ಅದಕ್ಕೆ ಪಾಯಿಂಟು ಸೇರುತ್ತವೆ, ಸಾಕಷ್ಟು ಸೇರಿದ ಮೇಲೆ ಟಿಕೆಟು ಫುಕಟ್ ಕೊಡುತ್ತಾರೆ, ಫಾರ್ಮಿನಲ್ಲಿ ಯಾರ ಹೆಸರು ಬರೆಯಲಿ ಎಂದು ಕೇಳಿದನು. ಅದಕ್ಕೆ ನಾನು, “ಮನ್ಯಾಗ ಫೋನ್ ಯಾರ ಹೆಸರಿನ್ಯಾಗ ಐತಿ? ಗ್ಯಾಸ್ ಯಾರ ಹೆಸರಿನ್ಯಾಗ ಐತಿ? ಅದನೂ ನನ್ನ ಹೆಸರಿಗೇ ಬರಿ. ಅದರಾಗ ಕೇಳೂದೇನೈತೋ?” ಎಂದೆನು. ನಮ್ಮಲ್ಲಿ ಮೊದಲಿನಿಂದಲೂ ಹಾಗೆಯೇ. ತಂದೆಯವರು ಇರುವವರೆಗೆ ಎಲ್ಲವೂ ಅವರ ಹೆಸರಿನಲ್ಲಿತ್ತು, ಅವರ ನಂತರ ನನ್ನ ಹೆಸರಿಗೆ ಬಂದಿತು. ಫೋನು ನನ್ನ ಹೆಸರಿನಲ್ಲಿದ್ದರೂ ಮನೆಯವರೆಲ್ಲ ಮಾತಾಡುತ್ತಾರೆ, ಗ್ಯಾಸಿನಲ್ಲಿ ಮನೆಯವರೆಲ್ಲರ ಅಡುಗೆಯಾಗುತ್ತದೆ. ಕಾರ್ಡೂ ಹಾಗೆಯೇ ಎಂದು ತಿಳಿದಿದ್ದೆನು. ನಿತಿನ ನನ್ನ ಹೆಸರು, ನನ್ನ ಹುಟ್ಟಿದ ದಿನ ಬರೆದು, ನನ್ನ ಸಹಿಯನ್ನೂ ತಾನೇ ಮಾಡಿದನು. ಟಿಕೆಟಿನ ಹೆಸರು ಕಾರ್ಡಿನ ಹೆಸರಿಗೆ ಹೊಂದದಿದ್ದರೆ ಪಾಯಿಂಟು ಸಿಗುವುದಿಲ್ಲವೆಂದು ಆಮೇಲೆ ತಿಳಿಯಿತು. ಅಂದಿನಿಂದ ಟಿಕೆಟೂ ನನ್ನ ಹೆಸರಿನಲ್ಲೇ ತೆಗೆಸಿದೆವು. ಹತ್ತುವಾಗ ನೀನು ಯಾರೆಂದು ಒಬ್ಬರೂ ಅವನನ್ನು ಕೇಳಲಿಲ್ಲ.

ವಿಮಾನ ಕಂಪನಿಯವರು ಕಳಿಸಿದ ನಿಯಮದ ಪುಸ್ತಕವನ್ನು ನಾನು ಬಾಯಿಪಾಠ ಮಾಡಿದ್ದೆನು. ಬೆಳಗಾವಿಯಿಂದ ರೈಲಿನಲ್ಲಿ ನೆಟ್ಟಗೆ ದಕ್ಷಿಣಕ್ಕೆ ಹೋಗುವವನನ್ನು ಬಸ್ಸಿನಲ್ಲಿ ಉತ್ತರಕ್ಕೆ ಮುಂಬೈಗೆ ಕಳಿಸಿ, ಅಲ್ಲಿಂದ ಕೊಯಮತ್ತೂರಿಗೆ ಹಾರಿಸಿದೆನು. ಒಂದು ವಿಮಾನದಲ್ಲಿ ಮುಗಿಯುವ ದಾರಿಯನ್ನು ಎರಡು ವಿಮಾನ ಮಾಡಿಸಿದೆನು. ಕೊಯಮತ್ತೂರಿನ ಒಂದು ಹೋಟೆಲಿನಲ್ಲಿ ಮೂರು ದಿನ ಇಳಿದರೆ ಅದೇ ಕಾರ್ಡಿಗೆ ಪಾಯಿಂಟು ದುಪ್ಪಟ್ಟು ಇದ್ದವು. ಕೆಲಸ ಎರಡು ದಿನದ್ದಿದ್ದರೂ ಮೂರು ದಿನ ಇರಿಸಿದೆನು. ಮೂರನೇ ದಿನ ಅಲ್ಲಿ ತಾನೇನು ಮಾಡಲಿ ಎಂದು ಅವನು ಒಮ್ಮೆ ಕೇಳಿದಾಗ, “ಮಲ್ಕೋ. ಮಲ್ಕೊಂಡ್ರೂ ಪಾಯಿಂಟ್ ಬರ್ತಾವು” ಎಂದು ನಕ್ಕಿದ್ದೆನು.

ಇದೆಲ್ಲ ಮಾಡಿದ್ದು ತಾಯಿಯ ಸಲುವಾಗಿ. ಬಿಹಾರದ ಬೆಟ್ಟದ ಮೇಲಿರುವ ನಮ್ಮ ಜೈನರ ತೀರ್ಥ ಶಿಖರಜಿಯ ಯಾತ್ರೆ ಮಾಡಬೇಕೆಂಬುದು ಅವರ ಬಹಳ ವರ್ಷಗಳ ಆಸೆ. ಮೊಣಕಾಲು ನೋವಿನಿಂದ ಮೂರು ದಿನ ರೈಲಿನಲ್ಲಿ ಕೂಡುವುದು ಅವರಿಂದ ಆಗದು. ಮುಂಬೈಯಿಂದ ಕಲ್ಕತ್ತಾದವರೆಗೆ ವಿಮಾನದಲ್ಲಿ ಒಯ್ದರೆ ಮುಂದಿನ ದಾರಿ ಅರ್ಧ ದಿನದ್ದು. ಅದಕ್ಕಾಗಿ ಎರಡು ಟಿಕೆಟಿನಷ್ಟು ಪಾಯಿಂಟು ಕೂಡಿಸಬೇಕಾಗಿತ್ತು. ಅವ್ವನ ಜೊತೆಗೆ ಯಾರು ಹೋಗುವುದು ಎಂದು ನಿತಿನ ಕೇಳಿದ್ದನು. ಕಾರ್ಡಿನ ಮೇಲೆ ಯಾರ ಹೆಸರಿದೆಯೋ ಅವರು ಎಂದು ನಾನು ಹೇಳಿದ್ದೆನು. 1997ರ ದೀಪಾವಳಿಯ ಮರುವಾರ ಅವನು ತನ್ನ ಹೆಸರಿನಲ್ಲಿ ಬೇರೆ ಕಾರ್ಡು ಮಾಡಿಸಲೇ ಎಂದೂ ಕೇಳಿದ್ದುಂಟು. ಪಾಯಿಂಟು ಎರಡು ಕಡೆ ಹಂಚಿಹೋದರೆ ಯಾವುದೂ ತುಂಬುವುದಿಲ್ಲ, ನಿನಗೆ ಅಷ್ಟೂ ಬುದ್ಧಿ ಇಲ್ಲವೇ ಎಂದು ಬೈದು ಕಳಿಸಿದೆನು. ಎರಡನೇ ಸಲ ಅವನು ಕೇಳಲಿಲ್ಲ.

ದಿನಾಂಕ 7-3-1999 ರವಿವಾರ ನಿತಿನನಿಗೆ ಹೆಣ್ಣು ನೋಡಲು ಹುಕ್ಕೇರಿಗೆ ಹೋಗಿದ್ದೆವು. ಹುಡುಗ ವಿಮಾನದಲ್ಲಿ ತಿರುಗಾಡುತ್ತಾನಂತೆ ಎಂದು ಹುಡುಗಿಯ ತಂದೆ ಬಹಳ ಹಿಗ್ಗಿನಿಂದ ಕೇಳಿದರು. ನಿತಿನ ಕಿಸೆಯಿಂದ ಕಾರ್ಡು ತೆಗೆದು ತೋರಿಸಿದನು. ಅವರು ಅದನ್ನು ತಿರುಗಿಸಿ ಮುರುಗಿಸಿ ಓದಿ, “ಇದರಾಗ ಮಹಾವೀರ ಅಂತ ಐತೆಲ್ಲರೀ?” ಎಂದರು. ನಾನು ತಮಾಷೆಗೆಂದು, “ಹೌದ್ರಿ, ಇಂವಾ ನನ್ನ ಹೆಸರಿನ್ಯಾಗ ಹಾರತಾನ. ಇವಂದು ಅಂತ ಏನೂ ಇಲ್ಲರಿ” ಎಂದೆನು. ಕೂತವರೆಲ್ಲ ನಕ್ಕರು. ಚಹಾದ ತಟ್ಟೆ ಹಿಡಿದು ನಿಂತಿದ್ದ ಹುಡುಗಿಯೂ ನಕ್ಕಳು. ನಿತಿನ ಕಾರ್ಡನ್ನು ತಿರುಗಿ ಕಿಸೆಯಲ್ಲಿ ಇಟ್ಟುಕೊಂಡನು. ಬರುವಾಗ ಅವನು ಜೀಪಿನಲ್ಲಿ ಹಿಂದೆ ಕೂತಿದ್ದನು, ನಿದ್ದೆ ಹತ್ತಿರಬೇಕೆಂದು ತಿಳಿದೆನು.

ಮಾರ್ಚ್ 31ರೊಳಗೆ ಇನ್ನು ಎರಡು ಸಲ ಹಾರಿದರೆ ಕಾರ್ಡು ಬಂಗಾರದ ದರ್ಜೆಗೆ ಏರಿ ಪಾಯಿಂಟು ಬೇಗ ಬೇಗ ಸೇರುವಂತಿತ್ತು. ಆಗ ಅಂಗಡಿಗೆ ಯಾವ ಸಾಮಾನೂ ಬೇಕಾಗಿರಲಿಲ್ಲ. ಆದರೂ ದಿನಾಂಕ 22-3-1999 ಸೋಮವಾರ ಕೊಯಮತ್ತೂರಿಗೆ ಹೋಗಿ ಬರಲು ಅವನಿಗೆ ಹೇಳಿದೆನು. ಮಧ್ಯಾಹ್ನ 4 ಗಂಟೆಗೆ ಅವನು ಚೀಲ ಹಿಡಿದು ಅಂಗಡಿಗೆ ಬಂದನು. ನೀಲಿ ಅಂಗಿ, ಕರಿ ಪ್ಯಾಂಟು ತೊಟ್ಟಿದ್ದನು. ನಾನು ಕೌಜಲಗಿಯ ಸತ್ತೆಪ್ಪ ಎಂಬ ಗಿರಾಕಿಗೆ ಪೈಪು ಅಳೆಯುತ್ತಿದ್ದೆನು. ಆಗ ನಮ್ಮಲ್ಲಿ ನಡೆದ ಮಾತನ್ನು ಇದ್ದಂತೆಯೇ ಬರೆದುಕೊಳ್ಳಿರೆಂದು ಕೇಳಿಕೊಂಡಿದ್ದೇನೆ.

“ಏನ್ ತರಬೇಕ ದಾದಾ?”

“ಏನೂ ತರಬ್ಯಾಡ. ಹೋಗಿ ಬಾ ಸಾಕು.”

“ಅಲ್ಲಿ ಕೆಲಸ?”

“ಕೆಲಸ ಏನಿಲ್ಲೋ ಮಾರಾಯಾ, ಹೋಗಿ ಬರೂದೇ ಕೆಲಸ.”

“ಹೋಗಾಕತ್ತಾಂವ ನಾನೋ, ನೀನೋ?”

“ಯಾರ ಹೋದರೇನೋ, ಎರಡೂ ಒಂದ!”

ನಾನು ಪೈಪಿನಿಂದ ತಲೆ ಎತ್ತಲಿಲ್ಲ. ಅಂಗಡಿಯಿಂದ ಬಸ್ ನಿಲ್ದಾಣ ಸುಮಾರು 300 ಮೀಟರ್ ಇರುತ್ತದೆ. ಪ್ರತಿ ಸಲ ಕಳಿಸಿ ಬರುತ್ತಿದ್ದೆನು, ಅಂದು ಹೋಗಲಿಲ್ಲ. 4-30ರ ಮುಂಬೈ ಬಸ್ಸಿಗೆ ಹತ್ತಿದ್ದನ್ನು ಸತ್ತೆಪ್ಪ ನೋಡಿದ್ದಾನೆ.

27ನೇ ತಾರೀಖು ಅವನು ತಿರುಗಿ ಬರಬೇಕಾಗಿತ್ತು, ಬರಲಿಲ್ಲ. 28ರಂದು ಬೆಳಿಗ್ಗೆ 9-15ಕ್ಕೆ ಕೊಯಮತ್ತೂರಿನ ಹೋಟೆಲಿಗೆ ಫೋನು ಮಾಡಿ, ನಾನು ಗೋಕಾಕದಿಂದ ಮಹಾವೀರ ಎಂದು ಹಿಂದಿಯಲ್ಲಿ ಹೇಳಿದೆನು. ಕೌಂಟರಿನವನು ಬಹಳ ಪ್ರೀತಿಯಿಂದ, ಸಾಹೇಬರು ಸುಖವಾಗಿ ಮುಟ್ಟಿದಿರಾ, ಕೋಣೆಯಲ್ಲಿ ಏನಾದರೂ ಮರೆತಿರಾ ಎಂದು ಕೇಳಿದನು. ನಾನು ಅಲ್ಲಿಂದ ಯಾವಾಗ ಹೊರಟೆ ಎಂದು ನಾನೇ ಅವನನ್ನು ಕೇಳಬೇಕಾಯಿತು. 26ರಂದು ಬೆಳಿಗ್ಗೆ 7-10ಕ್ಕೆ ಎಂದನು. ಎಲ್ಲಿಗೆ ಹೋದೆ ಎಂದು ಕೇಳಿದೆನು. ಅವನು, ಸಾಹೇಬರ ಆರೋಗ್ಯ ಸರಿಯಿದೆಯೇ ಎಂದನು. ಆಮೇಲೆ ತಾನಾಗಿಯೇ ಒಂದು ಮಾತು ಹೇಳಿದನು. ಪ್ರತಿ ಸಲದಂತೆ ಸೂರ್ಯ ಮುಳುಗುವ ಮೊದಲೇ ಊಟ ತಯಾರಿಸಿದ್ದೆವು, 25ನೇ ತಾರೀಖು ನಿಮ್ಮ ಜನ್ಮದಿನವೆಂದು ಹಣ್ಣಿನ ತಟ್ಟೆಯ ಮೇಲೆ ಹೆಸರು ಬರೆದು ತಂದಿದ್ದೆವು, ತಾವು ಇದು ನನ್ನ ಹುಟ್ಟುಹಬ್ಬವಲ್ಲ, ಇದು ನನ್ನ ಹೆಸರೂ ಅಲ್ಲ ಎಂದಿರಿ, ತಮಾಷೆ ಎಂದು ನಾವೆಲ್ಲ ನಕ್ಕೆವು, ತಪ್ಪಾಗಿದ್ದರೆ ಕ್ಷಮಿಸಿರಿ ಎಂದನು. ಮಾರ್ಚ್ 25 ನನ್ನ ಹುಟ್ಟಿದ ದಿನ. ನಿತಿನನ ಹುಟ್ಟಿದ ದಿನ ಯಾವುದೆಂದು ಫೋನು ಇಟ್ಟ ಮೇಲೆ ತಾಯಿಯನ್ನು ಕೇಳಿ ತಿಳಿದುಕೊಂಡೆನು. ಆಗಸ್ಟ್ 2 ಇರುತ್ತದೆ.

29-3-1999ರಂದು ಠಾಣೆಗೆ ಬಂದು ದೂರು ಕೊಟ್ಟೆನು. ಠಾಣೆಯವರು ವಿಮಾನ ಕಂಪನಿಗೆ ಪತ್ರ ಬರೆದರು. ನಿತಿನ ಖೋತ ಎಂಬುವರು ತಮ್ಮಲ್ಲಿ ಎಂದೂ ಪ್ರಯಾಣಿಸಿಲ್ಲ, ಮಹಾವೀರ ಖೋತ ಎಂಬುವರು 26ರಂದು ಕೊಯಮತ್ತೂರಿನಿಂದ ಮುಂಬೈಗೆ ಬಂದಿಳಿದಿದ್ದಾರೆ ಎಂದು ಉತ್ತರ ಬಂದಿತು. ಹೆಡ್ ಕಾನ್‌ಸ್ಟೇಬಲ್ ಅಲ್ಲಪ್ಪನವರು ಆ ಪತ್ರವನ್ನು ಎರಡು ಸಲ ಓದಿ, “ಖೋತ ಅವರ, ಹ್ವಾದಾಂವ ನೀವು, ಬಂದಾಂವ ನೀವು, ಇಲ್ಲೆ ಕುರ್ಚಿ ಮ್ಯಾಲ ಕುಂತಾಂವನೂ ನೀವ. ಹಂಗಾರ ನಾವು ಹುಡುಕೂದು ಯಾರನ್ರೀ?” ಎಂದರು. ಅವರದೇನೂ ತಪ್ಪಿಲ್ಲ.

ಮೇ ತಿಂಗಳಲ್ಲಿ ನಾನೇ ಕಂಪನಿಗೆ ಬರೆದು, ನನ್ನ ಕಾರ್ಡಿನಲ್ಲಿ ಮುಂದೆ ಯಾರು ಎಲ್ಲಿಗೆ ಹೋಗಿದ್ದಾರೆ ತಿಳಿಸಿರೆಂದು ಕೇಳಿದೆನು. ನಿಮ್ಮ ಸಹಿ ನಮ್ಮ ಸದಸ್ಯರಾದ ಮಹಾವೀರರ ಸಹಿಗೆ ಹೊಂದುವುದಿಲ್ಲ, ಸದಸ್ಯರ ವಿಷಯವನ್ನು ಹೊರಗಿನವರಿಗೆ ತಿಳಿಸಲಾಗದು ಎಂದು ಉತ್ತರಿಸಿದರು. ನನ್ನ ಮನೆಗೇ ಬಂದ ಪತ್ರದಲ್ಲಿ ನಾನು ಹೊರಗಿನವನಾಗಿದ್ದೆನು. ಸಿಟ್ಟಿನಲ್ಲಿ ಅದನ್ನು ಹರಿದು ಹಾಕಿದೆನು, ಆದ್ದರಿಂದ ಹಾಜರುಪಡಿಸಲು ಬರುವುದಿಲ್ಲ.

ದಿನಾಂಕ 12-7-1999 ಸೋಮವಾರ ಮಧ್ಯಾಹ್ನ 12-20ಕ್ಕೆ ಟಪಾಲಿನವರು ಮೂರು ತಿಂಗಳ ಪಾಯಿಂಟಿನ ಪಟ್ಟಿ ತಂದುಕೊಟ್ಟರು. ಅದು ಕಾರ್ಡಿನ ವಿಳಾಸಕ್ಕೆ ತಾನಾಗಿ ಬರುವ ಪತ್ರ. ಅದರ ಪ್ರತಿಯನ್ನು ಇದಕ್ಕೆ ಲಗತ್ತಿಸಿದ್ದೇನೆ. ಅದರಲ್ಲಿ ಮಹಾವೀರನು ಎಪ್ರಿಲ್ 9ರಂದು ಮುಂಬೈಯಿಂದ ರಾಜಕೋಟಕ್ಕೆ ಹೋಗಿದ್ದಾನೆ. ಮೇನಲ್ಲಿ ನಾಲ್ಕು ಸಲ, ಜೂನಿನಲ್ಲಿ ಐದು ಸಲ ಹಾರಿದ್ದಾನೆ. ರಾಜಕೋಟದಲ್ಲಿ ಯಾರದೋ ಕೈಯಲ್ಲಿ ಪಗಾರಿಗೆ ಇದ್ದು ತಿರುಗಾಡುತ್ತಿರಬೇಕು. ತಾಯಿಗೆ ಇದನ್ನು ಓದಿ ಹೇಳಿದಾಗ ಅವರು, “ಜೀಂವ ಐತೆಲ್ಲ ನನ್ನ ಕೂಸು” ಎಂದರು.

ಮನೆ ಬಿಟ್ಟು ಹೋದವನು ಇನ್ನೂ ನನ್ನ ಹೆಸರನ್ನೇಕೆ ಹೊತ್ತುಕೊಂಡು ಹಾರುತ್ತಾನೆ ಎಂಬುದು ನನಗೆ ತಿಳಿಯಲಿಲ್ಲ. ಪಟ್ಟಿಯ ಹಿಂದಿನ ಹಾಳೆಯನ್ನು ನೋಡಿದ ಮೇಲೆ ತಿಳಿಯಿತು. ಜೂನ್ 24ರಂದು ಪಾಯಿಂಟು ಎರಡು ಟಿಕೆಟಿಗೆ ಸಾಕಾಗುವಷ್ಟು ಆಗಿದ್ದವು. ಅದೇ ದಿನ ಸದಸ್ಯರ ಕೋರಿಕೆಯಂತೆ ಎಲ್ಲವನ್ನೂ ಖರ್ಚು ಹಾಕಿದ್ದಾರೆ. ನವೆಂಬರ್ 22, ಮುಂಬೈಯಿಂದ ಕಲ್ಕತ್ತಾ, ಇಬ್ಬರು ಪ್ರಯಾಣಿಕರು. ಮೊದಲನೆಯವರು ಕಮಲಾಬಾಯಿ ಖೋತ. ಎರಡನೆಯವರು ನಿತಿನ ಖೋತ. ಮೂರು ವರ್ಷಗಳಲ್ಲಿ ಆ ಕಂಪನಿಯ ಕಾಗದದಲ್ಲಿ ಪ್ರಯಾಣಿಕನೆಂದು ಅವನ ಹೆಸರು ಬಂದದ್ದು ಇದೇ ಮೊದಲು. ಆ ಹಾಳೆಯಲ್ಲಿ ನನ್ನ ಹೆಸರು ಇಲ್ಲ. ಜೂನ್ 24ರ ನಂತರ ಮಹಾವೀರನು ಎಲ್ಲಿಗೂ ಹಾರಿಲ್ಲ.

ಬೇರೆಯವರ ಹೆಸರಿನಲ್ಲಿ ಪ್ರಯಾಣ ಮಾಡುವುದು ಅಪರಾಧವಾಗುತ್ತದೆ, ಕಂಪನಿಗೆ ಬರೆದು ಕಾರ್ಡು ರದ್ದು ಮಾಡಿಸಬೇಕಾಗುತ್ತದೆ ಎಂದು ಠಾಣೆಯ ಸಾಹೇಬರು ಇಂದು ತಿಳಿಸಿದರು. ಅಪರಾಧವಾಗಿದ್ದರೆ ಹೆಸರು ಬರೆಸಿದವನು ನಾನು, ಹಾರಿಸಿದವನೂ ನಾನು. ಏನು ಮಾಡುವುದಿದ್ದರೂ ನನಗೆ ಮಾಡಿರಿ. ಆದರೆ ಕಾರ್ಡು ರದ್ದಾದರೆ ಅದರಿಂದ ಬಂದ ಟಿಕೆಟುಗಳೂ ರದ್ದಾಗುತ್ತವೆಂದು ನಿಯಮದ ಪುಸ್ತಕದ 14ನೇ ಪುಟದಲ್ಲಿದೆ. ನವೆಂಬರ್ 22 ದಾಟುವವರೆಗೆ ಅದನ್ನು ಮುಟ್ಟಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅವನನ್ನು ಹುಡುಕಲು ರಾಜಕೋಟಕ್ಕೆ ಹೋಗಲೇ ಎಂದು ತಾಯಿಯನ್ನು ಕೇಳಿದೆನು. “ಹೋಗಬ್ಯಾಡ. ಮೂರು ವರ್ಸ ನಿನ್ನ ಹೆಸರು ಹೊತ್ತಾನ. ಇನ್ನ ತನ್ನ ಹೆಸರಿಲೆ ಬರ್ಲಿ ಬಿಡು” ಎಂದರು. ಅವರು ದಿನಾಲು ಬೆಳಿಗ್ಗೆ ಬಸದಿಯವರೆಗೆ ಕೋಲು ಹಿಡಿದು ನಡೆಯುವ ರೂಢಿ ಮಾಡುತ್ತಿದ್ದಾರೆ.

ಅವನು ಬರುತ್ತಾನೆಯೇ, ಬಂದರೆ ನನ್ನ ಜೊತೆ ಮಾತಾಡುತ್ತಾನೆಯೇ ನನಗೆ ತಿಳಿಯದು. ನವೆಂಬರ್ 21ರಂದೇ ತಾಯಿಯನ್ನು ಬಸ್ಸಿನಲ್ಲಿ ಮುಂಬೈಗೆ ಕರೆದುಕೊಂಡು ಹೋಗುತ್ತೇನೆ. ಟಿಕೆಟು ಇಲ್ಲದವರನ್ನು ಒಳಗೆ ಬಿಡುವುದಿಲ್ಲವೆಂದು ನಿತಿನನೇ ಒಮ್ಮೆ ಹೇಳಿದ್ದನು. ಟಿಕೆಟು ಇಲ್ಲದವರು ಎಲ್ಲಿ ನಿಲ್ಲಬೇಕು ಎಂಬುದನ್ನು ಅವನಿಂದ ಕೇಳಿ ತಿಳಿದುಕೊಂಡಿರಲಿಲ್ಲ.

ಇಷ್ಟನ್ನು ನಾನು ಹೇಳಿದಂತೆಯೇ ಬರೆದುಕೊಂಡಿದ್ದಾರೆ. ಓದಿಸಿ ಕೇಳಿದ್ದೇನೆ, ಎಲ್ಲವೂ ಖರೆ ಇರುತ್ತದೆ. ಕೆಳಗಿನ ಸಹಿ ನನ್ನದು. ವಿಮಾನ ಕಂಪನಿಯವರ ಹತ್ತಿರ ಇರುವ ಮಹಾವೀರನ ಸಹಿಗೆ ಇದು ಹೊಂದುವುದಿಲ್ಲ, ಅದು ನನ್ನ ತಮ್ಮ ನಿತಿನನದು.

ಸ್ಥಳ: ಗೋಕಾಕ
ದಿನಾಂಕ: 17-7-1999, ಮಧ್ಯಾಹ್ನ 12-55
ಸಹಿ: ಮಹಾವೀರ ಆ. ಖೋತ